ಇಂಜೆಕ್ಷನ್ ಸೋತದ್ದು ಬಜ್ಜಿಯಿಂದಲ್ಲ

ಶಹಾಪುರ ಬಸ್ ನಿಲ್ದಾಣದ ಒಂದೇ ಒಂದು ಮಿರ್ಚಿ ಬಜ್ಜಿ ನನ್ನ ಚಿಕಿತ್ಸೆಯನ್ನು ಹಾಳು ಮಾಡಿತೆಂದು ಏಳು ವರ್ಷ ನಂಬಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಗಬೇಡಿ.

ಹೆರಿಗೆಯಲ್ಲಿ ಏರಿಸಿದ ರಕ್ತದಿಂದಲೋ ಏನೋ, ಹೆಪಟೈಟಿಸ್ ಸಿ ವೈರಸ್ ನನ್ನ ಮೈ ಸೇರಿತ್ತು. ಗೊತ್ತಾಗುವ ಹೊತ್ತಿಗೆ ಅದು ಲಿವರ್‌ನಲ್ಲಿ ಹಾಯಾಗಿ ಸಂಸಾರ ಹೂಡಿತ್ತು. ಆಗಿನ ಔಷಧ ಇಂಟರ್‌ಫೆರಾನ್ ಇಂಜೆಕ್ಷನ್. ವಾರಕ್ಕೊಂದರಂತೆ ಒಂದು ವರ್ಷ. ಚುಚ್ಚಿಸಿಕೊಂಡ ದಿನ ಚಳಿಜ್ವರ, ಮರುದಿನ ಪಾಠ. ಗೋಗಿ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಲಿವರ್ ಕಾಯಿಲೆ ಎಂದರೆ ಪಥ್ಯ. ಅತ್ತೆ ನನಗೆ ಎಣ್ಣೆ, ಖಾರ ಎರಡೂ ಬಂದ್ ಮಾಡಿದರು. ರೊಟ್ಟಿಗೆ ಶೇಂಗಾ ಚಟ್ನಿಯೂ ಇಲ್ಲ! ಒಂದು ಸಂಜೆ ಆಟೋ ತುಂಬುವುದನ್ನು ಕಾಯುತ್ತಾ, ತಡೆಯಲಾರದೆ ಆ ಬಜ್ಜಿ ತಿಂದುಬಿಟ್ಟೆ.

ವರ್ಷ ಮುಗಿದು ಪರೀಕ್ಷೆ ಮಾಡಿಸಿದರೆ ವೈರಸ್ ಹಾಗೇ ಇತ್ತು. ಅತ್ತೆ ನನ್ನ ಮುಖ ತಪ್ಪಿಸಿ ಅಡುಗೆಮನೆಗೆ ನಡೆದರು. ಅವರಿಗೆ ಬಜ್ಜಿಯ ವಿಷಯ ತಿಳಿದಿದೆ ಎಂದುಕೊಂಡು ಒಳಗೊಳಗೇ ಬೆಂದೆ.

ಹೊಸ ಮಾತ್ರೆ ಬಂದಿದೆ ಎಂದು ಕೇಳಿ ಯಾದಗಿರಿಗೆ ಹೋದಾಗ, ಅಲ್ಲಿನ ಡಾಕ್ಟರಮ್ಮನ ಮುಂದೆ ಮೊದಲು ಬಜ್ಜಿಯನ್ನೇ ಒಪ್ಪಿಕೊಂಡೆ. ಅವರು ನಕ್ಕ ನಗುವಿಗೆ ನನಗೆ ಸಿಟ್ಟೇ ಬಂತು.

"ಟೀಚರ್, ಇಂಟರ್‌ಫೆರಾನ್ ಅಂದ್ರ ವೈರಸ್ ಬಂದದ, ಎಚ್ಚರಾಗ್ರಿ ಅಂತ ಮೈಯೇ ಕೂಗೋ ಕೂಗು. ವೈರಸ್ ವರ್ಷಗಟ್ಟಲೆ ಒಳಗ ಕುಂತ್ರ ಆ ಕೂಗು ನಿಲ್ಲೂದೇ ಇಲ್ಲ. ಕೇಳಿ ಕೇಳಿ ಕಾಯೋ ಜೀವಕೋಶಗಳು ಕಿವಿಗೆ ಹಾಕ್ಕೊಳ್ಳೂದು ಬಿಡ್ತಾವ. ನಾವು ಸೂಜಿಲೆ ಅದೇ ಕೂಗು ಇನ್ನಷ್ಟು ಹಾಕಿದ್ವಿ. ಎಲ್ಲಾರಿಗೂ ಹಿಂಗ ಆಗೂದಿಲ್ಲ, ನಿಮಗ ಆಗ್ಯದ. ನಿಮ್ಮ ತಪ್ಪೇನೂ ಇಲ್ರಿ."

ಕುರ್ಚಿಯಿಂದ ಎದ್ದೇಬಿಟ್ಟೆ. ಬೆಳಿಗ್ಗೆಯಿಂದ "ಸುಮ್ನಿರ್ರಿ" ಎಂದು ಕೂಗಿದರೆ ನಾಲ್ಕನೇ ಪೀರಿಯಡ್ಡಿಗೆ ನನ್ನ ಒಂಬತ್ತನೇ ತರಗತಿಗೆ ನಾನು ಕೇಳಿಸುವುದೇ ಇಲ್ಲ. ಅದೇ ನನ್ನ ರಕ್ತದಲ್ಲೂ ನಡೆದಿತ್ತು! ಹೊಸ ಮಾತ್ರೆ ಕೂಗುವ ಗೋಜಿಗೇ ಹೋಗುವುದಿಲ್ಲವಂತೆ. ವೈರಸ್ ಹೆಚ್ಚುವುದನ್ನೇ ನೇರವಾಗಿ ತಡೆಯುತ್ತದಂತೆ. ಅಂದೇ ನುಂಗಲು ಶುರು ಮಾಡಿದೆ.

ಮೂರು ತಿಂಗಳ ಮಾತ್ರೆ, ವೈರಸ್ ಮರಳಿಲ್ಲವೆಂದು ಖಾತ್ರಿಯಾಗಲು ಮತ್ತೆ ಮೂರು ತಿಂಗಳ ಕಾಯುವಿಕೆ. ಕೊನೆಗೆ ರಿಪೋರ್ಟ್ ಹಿಡಿದು ಮನೆಗೆ ಓಡಿದೆ. ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು.

"ಅತ್ತಿ, ವೈರಸ್ ಹೋಗ್ಯದ್ರಿ! ಪೂರಾ ಹೋಗ್ಯದ!" ಎಂದೆ. ಡಾಕ್ಟರಮ್ಮ ಹೇಳಿದ್ದನ್ನು, ಬಜ್ಜಿಯನ್ನು, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದೆ.

ಅತ್ತೆ ಬಜ್ಜಿಯ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಮೊರ ಕೆಳಗಿಟ್ಟು ನನ್ನ ಕೈ ಹಿಡಿದರು.

"ಆವಾಗ ನೀ ಬಾಳ ಸೊರಗಿದ್ದಿ ಅಂತ, ನಿನಗ ಹೇಳಲಾರದ ನಿನ್ನ ಬ್ಯಾಳ್ಯಾಗ ದಿನಾ ಒಂದೀಟು ಎಣ್ಣಿ ಹಾಕ್ತಿದ್ದೆನವ್ವಾ. ಹಂಗಾದ್ರ ಆ ಸೂಜಿ ಸೋತದ್ದು ನನ್ನಿಂದ ಅಲ್ಲೇನು?"