ಉಲಿಯಕ್ಕಿ ತೋರಿಸು ಎಂದವನು

ಗಡಿಯಾಚೆ ಮಲಯಾಳ ಸೀಮೆಯ ಪೆರಿಕಲ್ಲೂರಿನಲ್ಲಿ ಮೆಣಸು, ಕಾಫಿ ಬೆಳೆಯುತ್ತಿದ್ದ ನನ್ನ ಸೋದರಮಾವನಿಗೆ ಹಕ್ಕಿಗಳ ಹುಚ್ಚು. ಚಳಿಗಾಲ ಬಂತೆಂದರೆ ಮೈಸೂರಿನ ಕಾಲೇಜು ಮೇಷ್ಟ್ರೊಬ್ಬರು ಇನ್ನಿಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ದೋಣಿಯಲ್ಲಿ ಕಬಿನಿ ದಾಟಿ ಬರುತ್ತಿದ್ದರು. ಕೊರಳಿಗೆ ದುರ್ಬೀನು ಹಾಕಿಕೊಂಡು ಎಲ್ಲರೂ ಕಾಡಿಗೆ ಹೊರಡುವರು. ಮಾವನ ಮನೆಯಲ್ಲೇ ಬೆಳೆದ ನಾನು ಬುತ್ತಿ ಹಿಡಿದು ಹಿಂದೆ ಹೋಗುತ್ತಿದ್ದೆ.

ಆ ವರ್ಷ ಅವರು ಹುಡುಕುತ್ತಿದ್ದದ್ದು ಹಿಮಾಲಯದ ಕಡೆಯಿಂದ ವಲಸೆ ಬರುವ ಒಂದು ಎಲೆ ಉಲಿಯಕ್ಕಿ. ಹೆಬ್ಬೆರಳಿನಷ್ಟು ಜೀವ, ಎಲೆಯದೇ ಬಣ್ಣ. ಮರದ ತುದಿಯಲ್ಲಿ ಸಣ್ಣಗೆ ಕೂಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನಕ್ಸಲರಿಗಾಗಿ ಪೊಲೀಸರು ಕಾಡು ಜಾಲಾಡುತ್ತಿದ್ದ ಕಾಲ ಅದು. ಈ ಸಲ ಬೇಡ ಎಂದು ಅತ್ತೆ ಹೇಳಿ ನೋಡಿದರು. ಹಕ್ಕಿ ನೋಡುವವರನ್ನು ಯಾರು ಏನು ಮಾಡುತ್ತಾರೆ ಎಂದು ಮಾವ ನಕ್ಕರು.

ಮತ್ತಿಮರದ ಕೆಳಗೆ ಕತ್ತೆತ್ತಿ ನಿಂತಿದ್ದಾಗ ಪೊಲೀಸರು ಸುತ್ತುವರಿದರು. ಮೇಷ್ಟ್ರು ಇನ್ಸ್‌ಪೆಕ್ಟರನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದರು. ಅವನು ಅವರನ್ನೂ ಸ್ನೇಹಿತರನ್ನೂ ಜೀಪಿನ ನೆರಳಿನಲ್ಲಿ ಕೂರಿಸಿ ನೀರು ಕೊಡಿಸಿದ. ಮಾವನನ್ನು ಮಾತ್ರ ಬಿಸಿಲಿಗೆ ನಿಲ್ಲಿಸಿದ. ಕಾಡಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಆದಿವಾಸಿಗಳನ್ನು ಒಕ್ಕಲೆಬ್ಬಿಸಿದಾಗ ಮಾವ ಅವರ ಪರವಾಗಿ ಕಚೇರಿಗೆ ಹೋಗಿ ಮಾತಾಡಿದ್ದರು. ಅದು ಅವನಿಗೆ ಗೊತ್ತಿತ್ತು.

“ಎವಿಡೆ ಪಕ್ಷಿ?” ಎಂದು ಮಲಯಾಳದಲ್ಲಿ ಕೇಳಿದ. ಎಲ್ಲಿ ನಿನ್ನ ಹಕ್ಕಿ, ತೋರಿಸು.

ಮಾವ ಮರದ ತುದಿಗೆ ಕೈ ತೋರಿಸಿದರು. ಅವನು ದುರ್ಬೀನು ಇಸಿದುಕೊಂಡು ಶ್ರದ್ಧೆಯಿಂದಲೇ ನೋಡಿದ. ಬರೀ ಎಲೆ ಎಂದು ಕಿವಿ ಸೇರಿಸಿ ಕೆನ್ನೆಗೆ ಬಾರಿಸಿದ. ಅಷ್ಟರಲ್ಲಿ ಹಕ್ಕಿ ಕೂಗಿತು. ಅದೇ ಸಾರ್, ಅದೇ, ಎನ್ನುವಾಗ ಮಾವನ ಮುಖ ಅರಳಿತ್ತು. ಹಾಗಾದರೆ ನೀನೂ ಕೂಗು, ಇಳಿದು ಬರಲಿ ಎಂದ. ಮಾವ ಅದರಂತೆಯೇ ಶಿಳ್ಳೆ ಹಾಕಿದರು. ಬರಲಿಲ್ಲ. ಇನ್ನೊಂದು ಕಿವಿಗೆ ಬಿತ್ತು. ಮತ್ತೆ ಶಿಳ್ಳೆ, ಮತ್ತೆ ಏಟು. ತುಟಿ ಒಡೆದ ಮೇಲೆ ಬರೀ ಗಾಳಿ ಬರುತ್ತಿತ್ತು, ಪೇದೆಗಳು ಅದಕ್ಕೂ ನಗುತ್ತಿದ್ದರು. ನಾನು ಅವನ ಕಾಲಿಗೆ ಬಿದ್ದೆ. ಅಳುವುದು ಬಿಟ್ಟು ಬುತ್ತಿ ಬಿಚ್ಚು, ಹುಡುಗರಿಗೆ ಹಸಿವಾಗಿದೆ ಎಂದ. ಬಡಿಸಿದೆ. ಉಪ್ಪಿನಕಾಯಿ ಕೇಳಿದವನಿಗೆ ಅದನ್ನೂ ಹಾಕಿದೆ. ಮೇಷ್ಟ್ರು ಒಮ್ಮೆ ಎದ್ದು ನಿಂತರು. ಕೂತುಕೋ ಎಂದದ್ದಕ್ಕೆ ಕೂತರು.

ಊಟ ಮುಗಿಸಿ ಜೀಪು ಹತ್ತಿ ಹೋದರು. ದುರ್ಬೀನು ಅವರ ಜೊತೆ ಹೋಯಿತು. ಮೈಸೂರಿನವರು ಅಂದೇ ಹೊಳೆ ದಾಟಿದರು.

ಕೆಲವು ವಾರ ಕಳೆದ ಮೇಲೆ ಮಾವ ಅತ್ತೆಯನ್ನು ಕೇಳಿದರು: “ಈ ವರ್ಷ ಜೀರುಂಡೆ ಯಾಕೆ ಕೂಗ್ತಿಲ್ಲ?” ಅಂಗಳದ ತುಂಬ ಜೀರುಂಡೆಗಳು ಕೂಗುತ್ತಿದ್ದವು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೋರು ಮಾತು ಮಾವನಿಗೆ ಕೇಳುತ್ತಿತ್ತು, ಸಣ್ಣ ದನಿಗಳೆಲ್ಲ ಹೋಗಿದ್ದವು.

ಮುಂದಿನ ಚಳಿಗಾಲ ಮೈಸೂರಿನವರು ಮತ್ತೆ ಬಂದರು. ಮಾವ ಕಿವಿಯ ವಿಷಯ ಎತ್ತದೆ ಅವರ ಜೊತೆ ಹೊರಟರು. ಹಕ್ಕಿ ಕೂಗಿತು. ಎಲ್ಲರೂ ಕತ್ತೆತ್ತಿದ್ದು ನೋಡಿ ಮಾವನೂ ಎತ್ತಿದರು, ಬೇರೆ ಮರದ ಕಡೆ. ಕೇಳಿಸ್ತಾ ಎಂದು ಮೇಷ್ಟ್ರು ಪಿಸುಗುಟ್ಟಿದರು. ಮಾವ ಹೌದೆಂದು ತಲೆಯಾಡಿಸಿದರು. ಆ ದಿನ ಹಕ್ಕಿ ತಗ್ಗಿನ ಕೊಂಬೆಗಿಳಿದು ಎಲ್ಲರಿಗೂ ಚೆನ್ನಾಗಿ ಕಾಣಿಸಿತು. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮೇಷ್ಟ್ರು ಮಾವನ ಬೆನ್ನು ತಟ್ಟಿ, ದನಿ ಏರಿಸಿ ಹೇಳಿದರು: “ಹೋದ ವರ್ಷ ಪಟ್ಟ ಕಷ್ಟ ಸಾರ್ಥಕವಾಯ್ತು, ನೋಡಿ.”

“ಹೌದು ಸಾರ್,” ಎಂದರು ಮಾವ.