ಉಪಚಾರದ ಬ್ಯಾಡ

ನಮ್ಮ ಕಡೆಯ ಮನೆಗಳಲ್ಲಿ ಊಟಕ್ಕೆ ಕೂತವರು ‘ಬ್ಯಾಡ’ ಅನ್ನುವುದು ಊಟದ ಒಂದು ಪದಾರ್ಥವಿದ್ದ ಹಾಗೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳ ಜೊತೆಗೆ ಅದೂ ಎಲೆಗೆ ಬೀಳಬೇಕು. ಹೋಳಿಗೆ ಬಂದಾಗ ಕೂತವರು ಒಮ್ಮೆ ಬ್ಯಾಡ ಅನ್ನಬೇಕು. ಬಡಿಸುವವರು ಕೇಳಿಸದವರಂತೆ ಬಗ್ಗಬೇಕು. ಎರಡನೆಯ ಸಲ ‘ಖರೇನ ಬ್ಯಾಡ್ರಿ’ ಎಂದು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಮೂರನೆಯ ಸಲಕ್ಕೆ ಆ ಕೈ ತಾನಾಗಿ ಎಲೆಯ ಅಂಚಿಗೆ ಸರಿಯುತ್ತದೆ, ಹೋಳಿಗೆ ಬೀಳುತ್ತದೆ, ‘ಒಂದ ಸಾಕ್ರಿ’ ಎಂಬ ಮಾತು ಅದರ ಹಿಂದೆ ತುಪ್ಪದಂತೆ ಬೀಳುತ್ತದೆ. ಶಬ್ದದ ಅರ್ಥವೇ ಬೇರೆ, ಅದರ ಧ್ವನಿಯೇ ಬೇರೆ ಎಂದು ಅಲಂಕಾರಶಾಸ್ತ್ರದವರು ದೊಡ್ಡ ದೊಡ್ಡ ಗ್ರಂಥ ಬರೆದರು. ನಮ್ಮ ಅತ್ತೆಯವರು ಅದನ್ನು ಸೌಟು ಹಿಡಿದುಕೊಂಡೇ ತಿಳಿದವರು. ಕಲಬುರ್ಗಿ ಬಿಟ್ಟು ಹೈದರಾಬಾದಿನ ನಾರಾಯಣಗೂಡಕ್ಕೆ ಬಂದು ಎಷ್ಟೋ ವರ್ಷವಾದರೂ ಅವರ ಪಂಕ್ತಿಯಿಂದ ಯಾರೂ ತಮ್ಮ ಬ್ಯಾಡವನ್ನು ಉಳಿಸಿಕೊಂಡು ಎದ್ದು ಹೋದದ್ದಿಲ್ಲ.

ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ಯಾಕೆಂದು ನಿಧಾನವಾಗಿಯೇ ಹೇಳಬೇಕು. ಅವಸರ ಮಾಡಿದರೆ ಕಂಡದ್ದಕ್ಕಿಂತ ಹೆಚ್ಚು ಹೇಳಿಬಿಡುತ್ತೇನೆ.

ನನ್ನ ಮಗಳು ಪಲ್ಲವಿಗೆ ಹದಿನಾರು ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಹೇಳಿದ ಮಾತು ಅವಳ ತಲೆಗೆ ತಡವಾಗಿ ಹೋಗುತ್ತದೆ. ಕಂಡದ್ದು ಮಾತ್ರ ಕಣ್ಣಿನಿಂದ ನೇರ ಕೈಗೆ ಇಳಿಯುತ್ತದೆ. ಅಜ್ಜಿ ಸೆರಗು ಸಿಕ್ಕಿಸುವ ರೀತಿ, ಅವಳಪ್ಪ ಕನ್ನಡಕ ಒರೆಸುವ ರೀತಿ, ನಾನು ಫೋನಿನಲ್ಲಿ ಸುಳ್ಳು ಹೇಳುವಾಗ ಎಳೆಯುವ ರಾಗ, ಎಲ್ಲವನ್ನೂ ಅವಳು ಮಾಡಿ ತೋರಿಸಬಲ್ಲಳು. ಈ ವರ್ಷ ಅವಳಿಗೊಂದು ಆಸೆ ಹುಟ್ಟಿತು: ಓಣಿಯ ಮೂಲೆಯ ಬೇಕರಿಗೆ ಒಬ್ಬಳೇ ಹೋಗಿ ಬ್ರೆಡ್ ತರಬೇಕು. ಪಕ್ಕದ ಮನೆಯ ಹುಡುಗಿ ಇವಳಿಗಿಂತ ಸಣ್ಣವಳು, ಒಬ್ಬಳೇ ಹೋಗುತ್ತಾಳೆ. ಇವಳು ಬಾಲ್ಕನಿಯಲ್ಲಿ ನಿಂತು ನೋಡುತ್ತಾಳೆ.

ಅವಳ ವಿಶೇಷ ಶಾಲೆಯ ಸುಜಾತಾ ಮೇಡಂ ಬೇಡ ಅನ್ನಲಿಲ್ಲ, ಮೊದಲು ಕಲಿಸೋಣ ಎಂದರು. ಗುರುತಿಲ್ಲದವರು ಏನಾದರೂ ಕೊಟ್ಟರೆ, ಕರೆದರೆ, ತೆಲುಗಿನಲ್ಲಿ ‘ವದ್ದು’ ಅನ್ನಬೇಕು, ಹಿಂದೆ ಸರಿಯಬೇಕು, ಗುರುತಿನ ಅಂಗಡಿಗೆ ಹೋಗಿ ಹೇಳಬೇಕು. ಬೀದಿಯ ಭಾಷೆ ತೆಲುಗಾದ್ದರಿಂದ ಬ್ಯಾಡವೂ ತೆಲುಗಿನಲ್ಲೇ ಇರಲಿ ಎಂದರು. ಶಾಲೆಯಲ್ಲಿ ಆಟದ ಹಾಗೆ ಆಡಿಸಿದರು. ಪಲ್ಲವಿ ಪ್ರತಿ ಸಲವೂ ಸರಿಯಾಗಿ ಮಾಡಿದಳು. ನಾನು ಅವತ್ತೇ ಬ್ರೆಡ್ಡಿನ ಚೀಲ ಹೊಲಿಯಲು ಕೂತೆ. ಮೇಡಂ ಮಾತ್ರ, ಕೋಣೆಯಲ್ಲಿ ಬಂದ ಪಾಠ ಬೀದಿಯಲ್ಲಿಯೂ ಬರುತ್ತದೋ ನೋಡಬೇಕು, ಅವಳಿಗೆ ಗೊತ್ತಾಗದಂತೆ ನೋಡಬೇಕು ಎಂದರು.

ಹಾಗಾಗಿ ಒಂದು ಸಂಜೆ ನಾನೂ ಮೇಡಂ ಅವರೂ ಬೇಕರಿಯ ಎದುರಿನ ಔಷಧಿ ಅಂಗಡಿಯೊಳಗೆ ಅಡಗಿ ನಿಂತೆವು. ಅಡಗುವುದರಲ್ಲಿ ನನಗೆ ಅನುಭವ ಸಾಲದು. ಯಾರಿಗೂ ಕೆಮ್ಮಿಲ್ಲದ ಮನೆಯವಳು ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಅದರ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದೆ. ಪಲ್ಲವಿ ಬೇಕರಿಯ ಮುಂದೆ ನಿಂತಿದ್ದಳು. ಶಾಲೆಯ ಆಯಾ ಅವಳನ್ನು ಅಲ್ಲಿ ಬಿಟ್ಟು ಒಳಗೆ ಹೋಗಿದ್ದಳು. ಆಗ ಹಸಿರು ಚೂಡಿದಾರದ ಒಬ್ಬ ಹೆಂಗಸು ಬಂದರು. ಅವರು ಮೇಡಂ ಅವರ ಸ್ನೇಹಿತೆ, ನಮ್ಮ ಒಪ್ಪಿಗೆಯ ಮೇಲೆಯೇ ಬಂದವರು ಎಂದು ನನಗೆ ಗೊತ್ತಿತ್ತು. ಆದರೂ ಅವರು ಮಗಳ ಹತ್ತಿರ ಹೋದಾಗ ಓದುವುದನ್ನು ಬಿಟ್ಟು ಬಾಟಲಿಯನ್ನು ಕೆಳಗಿಟ್ಟೆ.

ಹೆಂಗಸು ಚಾಕೊಲೇಟ್ ಚಾಚಿದರು. ಪಲ್ಲವಿ ‘ವದ್ದು’ ಅಂದಳು. ಮೇಡಂ ನನ್ನ ಕಡೆ ನೋಡಿ ತಲೆಯಾಡಿಸಿದರು. ಹೆಂಗಸು ನಕ್ಕು ಮತ್ತೆ ಚಾಚಿದರು. ಪಲ್ಲವಿ ಮತ್ತೆ ‘ವದ್ದು’ ಅಂದಳು, ಅಂಗೈಯನ್ನು ಅಡ್ಡ ಹಿಡಿದಳು. ಆ ಕೈಯನ್ನು ಕಂಡಕೂಡಲೇ ಮುಂದೆ ಆಗುವುದು ನನಗೆ ತಿಳಿಯಿತು. ಮೇಡಂಗೆ ತಿಳಿಯುವುದು ಸಾಧ್ಯವಿರಲಿಲ್ಲ. ಅವರು ನಮ್ಮ ಪಂಕ್ತಿಯಲ್ಲಿ ಉಂಡವರಲ್ಲ. ಮೂರನೆಯ ಸಲ ಹೆಂಗಸು ‘ತೀಸ್ಕೋ ತಲ್ಲೀ’, ತಗೋ ತಾಯಿ, ಅಂದರು. ಕೈ ಬದಿಗೆ ಸರಿಯಿತು. ಪಲ್ಲವಿ ನಾಚಿಕೊಂಡು, ಚಾಕೊಲೇಟ್ ತೆಗೆದುಕೊಂಡು, ಅಚ್ಚ ಕನ್ನಡದಲ್ಲಿ ‘ಒಂದ ಸಾಕ್ರಿ’ ಅಂದಳು.

ನಿಮ್ಮಮ್ಮ ಕರೆಯುತ್ತಿದ್ದಾಳೆ ಬಾ ಎಂದು ಹೆಂಗಸು ಕೈ ನೀಡಿದರು. ಅವಳು ಹಿಡಿದುಕೊಂಡಳು. ಇಬ್ಬರೂ ನಿಂತಿದ್ದ ಆಟೋದ ಕಡೆ ನಡೆದರು. ಪಲ್ಲವಿಯ ಬಲಗಾಲು ಆಟೋದೊಳಗಿತ್ತು, ಎಡಗಾಲು ರಸ್ತೆಯ ಮೇಲಿತ್ತು. ಅಷ್ಟನ್ನು ಸರಿಯಾಗಿ ನೋಡಿದ್ದೇನೆ. ಆಮೇಲಿನದು ನೆನಪಿಲ್ಲ, ನಾನು ರಸ್ತೆಯ ನಡುವೆ ಇದ್ದೆ, ಒಂದು ಸ್ಕೂಟರಿನವನು ನನ್ನನ್ನು ಬೈಯುತ್ತಿದ್ದ, ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅವಳನ್ನು ತಬ್ಬಿಕೊಂಡು ಬ್ಯಾಡ ಅನ್ನಬೇಕಿತ್ತಲ್ಲವಾ ಎಂದು ಕೇಳಿದೆ. ಅವಳಿಗೆ ಬೇಜಾರಾಯಿತು.

“ಅಂದೆನಲ್ಲ, ಮಮ್ಮಿ. ಎರಡ ಸಲ ಅಂದೆ.”

ಅವಳ ಲೆಕ್ಕದಲ್ಲಿ ಒಂದು ಆಚಾರವೂ ತಪ್ಪಿರಲಿಲ್ಲ. ಅಂಗಡಿಯೊಳಗೆ ಕೂತು ಮೇಡಂಗೆ ನಮ್ಮ ಹೋಳಿಗೆಯ ಪದ್ಧತಿಯನ್ನು ತೆಲುಗಿನಲ್ಲಿ ವಿವರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಮನೆಯಲ್ಲಿ ಯಾರ ಬ್ಯಾಡಕ್ಕೂ ಬೆಲೆಯಿಲ್ಲದಿದ್ದರೆ ನಾನು ಶಾಲೆಯಲ್ಲಿ ಏನು ಕಲಿಸಲಿ ಎಂದು ಮೆಲ್ಲಗೆ ಕೇಳಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಬ್ಯಾಡದ ಕಾನೂನು ಬಂತು: ಒಮ್ಮೆ ಅಂದರೆ ಮುಗಿಯಿತು, ಮತ್ತೆ ಕೇಳುವ ಹಾಗಿಲ್ಲ. ಗಂಡ ಒಪ್ಪಿದರು. ಅತ್ತೆಯವರು ಒಪ್ಪಲಿಲ್ಲ. “ಬಂದವ್ರು ಅರ್ಧಾ ಹೊಟ್ಟೀಲೆ ಎದ್ದು ಹೋದ್ರ, ನಿಮ್ಮ ಮೇಡಂ ಬಂದು ಮನಿ ಮರ್ಯಾದಿ ಕಾಯ್ತಾಳೇನು?” ಎಂದು ಸೌಟನ್ನು ಪಾತ್ರೆಯೊಳಗೆ ಸಪ್ಪಳವಾಗುವಂತೆ ಇಟ್ಟರು. ಕಾನೂನು ಸುಲಭದ್ದೂ ಆಗಿರಲಿಲ್ಲ. ಪಲ್ಲವಿ ತಲೆಗೆ ಎಣ್ಣೆ ಬ್ಯಾಡ ಅಂದಳು, ಬಿಟ್ಟೆವು. ಥೈರಾಯ್ಡಿನ ಗುಳಿಗೆ ಬ್ಯಾಡ ಅಂದಳು, ಅದನ್ನು ಬಿಡುವ ಹಾಗಿರಲಿಲ್ಲ. ಅದೊಂದು ಯಾಕೆ ಬೇಕೆಂದು ದಿನವೂ ಕೂತು ಹೇಳಬೇಕಾಯಿತು. ಬಲವಂತಕ್ಕಿಂತ ವಿವರಣೆಗೆ ಹೊತ್ತು ಹೆಚ್ಚು ಹಿಡಿಯುತ್ತದೆ ಎಂಬುದು ನನಗೆ ಹೊಸ ಜ್ಞಾನ.

ಈ ನಡುವೆ ಉಪ್ಪಲ್‌ನಲ್ಲಿರುವ ಗಂಡನ ಸೋದರಮಾವ ಊಟಕ್ಕೆ ಬಂದರು. ಹೋಳಿಗೆ ಬಡಿಸುವ ಕೆಲಸ ಪಲ್ಲವಿಯದು. ಮಾಮಾ ರೂಢಿಯಂತೆ ಬ್ಯಾಡ ಅಂದರು. ಅವಳು ಪಾತ್ರೆ ಎತ್ತಿಕೊಂಡು ಮುಂದೆ ಹೋಗಿಯೇಬಿಟ್ಟಳು. ಮಾಮಾನ ಕಣ್ಣು ಪಾತ್ರೆಯ ಹಿಂದೆ ಹೋಯಿತು.

“ಅಲ್ಲವ್ವಾ ಪಲ್ಲು, ನಾ ಸುಮ್ಮನ ಅಂದೆ.”

“ಸುಮ್ಮನ ಯಾಕ ಅಂದ್ರಿ?”

ಎಪ್ಪತ್ತು ದಾಟಿದ ಆ ಹಿರಿಯರು ಸಣ್ಣ ಹುಡುಗನ ದನಿಯಲ್ಲಿ “ಬೇಕವ್ವಾ, ಹಾಕು” ಅಂದರು. ಅತ್ತೆಯವರು ತುಪ್ಪದ ಪಾತ್ರೆ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು.

ಮತ್ತೊಂದು ಸಂಜೆ ಬೇಕರಿಯ ಮುಂದೆ ಮೇಡಂ ಕಳಿಸಿದ ಬೇರೊಬ್ಬ ಹೆಂಗಸು ಬಂದರು. ಒಂದು ‘ವದ್ದು’, ಎರಡು ‘ವದ್ದು’. ಮೂರನೆಯ ಸಲ ಅವರು ಚಾಚುವಷ್ಟರಲ್ಲಿ ಪಲ್ಲವಿ ಬೆನ್ನು ತಿರುಗಿಸಿ ಔಷಧಿ ಅಂಗಡಿಗೆ ಬಂದು, ಯಾರೋ ಕರೆಯುತ್ತಿದ್ದಾರೆ ಎಂದು ಅಂಗಡಿಯವರಿಗೆ ತೆಲುಗಿನಲ್ಲಿ ಹೇಳಿದಳು. ಮೇಡಂ ಅವಳ ಬೆನ್ನು ತಟ್ಟಿದರು. ನಾನೂ ತಟ್ಟಿದೆ. ಆದರೆ ನಗುವ ಮುಖಕ್ಕೆ ನಗದೆ ತಿರುಗಿದ ಮಗಳನ್ನು ನೋಡುವುದು ಅಂದುಕೊಂಡಷ್ಟು ಸುಖದ್ದಾಗಿರಲಿಲ್ಲ. ನಿಜವಾದ ಕೆಟ್ಟವರು ನಮ್ಮ ಒಪ್ಪಿಗೆ ಕೇಳಿ ಬರುವುದಿಲ್ಲ ಎಂಬುದೂ ಗೊತ್ತಿತ್ತು.

ನಿನ್ನೆ ಅವಳು ಮೊದಲ ಸಲ ಒಬ್ಬಳೇ ಹೊರಟಳು. ನಾನೂ ಬರಲೇ ಎಂದು ಕೇಳಿದೆ. ಬ್ಯಾಡ ಅಂದಳು. ಬರೀ ತಿರುವಿನ ತನಕ ಅಂದೆ. ಅವಳು ನನ್ನ ಕಾಲಲ್ಲಿದ್ದ ಚಪ್ಪಲಿಯನ್ನು ನೋಡುತ್ತ ನಿಂತಳು. ಚಪ್ಪಲಿ ಬಿಟ್ಟೆ. ಆಮೇಲೆಯೇ ಅವಳು ಮೆಟ್ಟಿಲಿಳಿದದ್ದು. ಬಾಲ್ಕನಿಯಿಂದ ತಿರುವಿನ ತನಕ ಕಂಡಳು, ನಂತರ ಕಾಣಲಿಲ್ಲ.

ಒಳಗೆ ಬಂದು ಕೂತೆ. ಕೂತಲ್ಲಿ ಕೂರಲಾಗಲಿಲ್ಲ. ಅತ್ತೆಯವರು ಅಡುಗೆಮನೆಯಿಂದ ಚಹಾ ಮಾಡಲೇನು ಎಂದು ಕೇಳಿದರು. ಬ್ಯಾಡ ಅಂದೆ. ಅವರು ಇನ್ನೊಮ್ಮೆ ಕೇಳಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ ಕೇಳಿತು. ನನಗೋ ಬಾಯಿ ಒಣಗಿ ಚಹಾ ಬೇಕೇ ಬೇಕಾಗಿತ್ತು. ಎದ್ದು ಹೋಗಿ, “ಅತ್ತೀ, ಬೇಕ್ರಿ” ಅಂದೆ. ಅವರು ನಗದೆ ನೀರಿಟ್ಟರು. ಇಬ್ಬರೂ ಒಲೆಯ ಮುಂದೆ ನಿಂತು ಬೀದಿಗೆ ಕಿವಿಗೊಟ್ಟೆವು. ನೀರು ಕುದಿಯಿತು. ಪುಡಿ ಬಿತ್ತು, ಹಾಲು ಬಿತ್ತು. ಕೆಳಗೆ ಗೇಟು ಕಿರುಗುಟ್ಟಿತು, ಮೆಟ್ಟಿಲ ಮೇಲೆ ಅವಳದೇ ಎಳೆದು ಹಾಕುವ ಹೆಜ್ಜೆ. ನಾನು ಅವಸರದಿಂದ ಅವಳ ಲೋಟ ತೆಗೆದು ಚಹಾ ಸುರಿಯಲು ಹೋದೆ. ಅತ್ತೆಯವರು ನನ್ನ ಕೈ ಹಿಡಿದರು.

“ತಡಿ,” ಅಂದರು. “ಮೊದಲ ಅಕೀನ್ನ ಕೇಳು.”