ಅಣ್ಣನ ಬದಲು ನಾನು ಕೊಟ್ಟ ಉತ್ತರ

ನಮ್ಮ ಮನೆಯಲ್ಲಿ ಓದಿದವನು ನಾನೊಬ್ಬನೇ, ಸೊರಬದಲ್ಲಿ ಹೈಸ್ಕೂಲು ಮೇಷ್ಟ್ರು. ಹಾಗಾಗಿ ತಾಲ್ಲೂಕು ಕಚೇರಿಯಿರಲಿ, ಆಸ್ಪತ್ರೆಯಿರಲಿ, ಮಾತಾಡುವವನು ನಾನು. ಕೆಲಸ ಯಾರದ್ದೋ ಅವರು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಾರೆ. ಸುಳ್ಳೇಕೆ ಹೇಳಲಿ, ನನಗೆ ಅದು ಇಷ್ಟವೇ ಆಗಿತ್ತು.

ಅಣ್ಣ ಉಡುತಡಿಯಲ್ಲಿ ಮೆಕ್ಕೆಜೋಳ ಬೆಳೆದು, ಕುರಿ ಸಾಕಿಕೊಂಡು ಇದ್ದಾನೆ. ಒಂದು ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ, ನೋವು ಮಾತ್ರ ಇಲ್ಲ. ಶಿಕಾರಿಪುರದಲ್ಲಿ ಸ್ಕ್ಯಾನ್ ಮಾಡಿದವರು ಮೇದೋಜೀರಕ ಗ್ರಂಥಿ ಊದಿದೆ, ಗಡ್ಡೆಯೂ ಇರಬಹುದು ಅಂದರು. ಕ್ಯಾನ್ಸರ್ ಎಂದೇ ತಿಳಿದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿ ಬಾಯಿಂದ ನಳಿಗೆ ಇಳಿಸಿ, ಸೂಜಿಯಲ್ಲಿ ಚೂರು ತೆಗೆದು ನೋಡಿ, ಕ್ಯಾನ್ಸರ್ ಅಲ್ಲ, ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ ಎಂದರು. ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಅತ್ತಿಗೆ ಊರಿಗೆ ಬಂದವಳೇ ಅಣ್ಣನ ಎಲೆಅಡಿಕೆ ಸಂಚಿಯನ್ನು ಒಲೆಗೆ ಹಾಕಿದಳು.

ಅಣ್ಣನಿಗೆ ಮೂವತ್ತು ವರ್ಷದಿಂದ ತಂಬಾಕಿನ ಕವಳ. ಎರಡು ವರ್ಷದಿಂದ ದವಡೆಯ ಕೆಳಗೆ ಎರಡೂ ಕಡೆ ಗಂಟಿನ ಹಾಗೆ ಊದಿಕೊಂಡಿತ್ತು. ಕವಳ ಅಲ್ಲಿಗೂ ಇಳಿದಿದೆ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಮಾತ್ರೆ ಶುರುವಾದ ಎರಡೇ ವಾರಕ್ಕೆ ಕಣ್ಣು ಬೆಳ್ಳಗಾಯಿತು, ದವಡೆಯೂ ಇಳಿಯಿತು. ಕವಳ ಬಿಟ್ಟಿದ್ದಕ್ಕೆ ಇಳಿಯಿತು ಅಂದುಕೊಂಡೆವು.

ಮತ್ತೆ ಹೋದಾಗ ಡಾಕ್ಟರು ನಿಧಾನವಾಗಿ ವಿವರಿಸಿದರು. ಈ ಕಾಯಿಲೆಯಲ್ಲಿ ಎರಡು ಬಗೆ. ಮೊದಲನೆಯದು ಬೇರೆ ಗ್ರಂಥಿಗಳಿಗೂ ಕೈಹಾಕುತ್ತದೆ, ಹೋದ ಹಾಗೆ ಮಾಡಿ ಮತ್ತೆ ಬರುತ್ತದೆ, ಅದಕ್ಕೆ ತುಂಬ ದಿನ ಔಷಧಿ, ಕಾವಲು ಬೇಕು. ಎರಡನೆಯದು ಸಾಮಾನ್ಯವಾಗಿ ಮರಳುವುದಿಲ್ಲ. ಅಣ್ಣನ ರಕ್ತದಲ್ಲಿ ಮೊದಲನೆಯದರ ಗುರುತು ಸಿಕ್ಕಿಲ್ಲ. ಆದರೆ ಕೆಲವರಲ್ಲಿ ಅದು ಸಿಗುವುದೂ ಇಲ್ಲ. ತೆಗೆದ ಚೂರು ತೀರ ಸಣ್ಣದು, ಅದರಿಂದಲೂ ತೀರ್ಮಾನವಾಗಲಿಲ್ಲ.

"ಮೊದಲು ಯಾವಾಗಾದ್ರೂ ದವಡೆ ಕೆಳಗೆ ಊತ ಬಂದಿತ್ತೇನ್ರೀ?" ಎಂದು ಅಣ್ಣನನ್ನೇ ಕೇಳಿದರು.

ಅಣ್ಣನ ಕೈ ದವಡೆಗೆ ಹೋಯಿತು. "ಇಲ್ಲಿ ಒಂದೀಟು..." ಅಂದ.

ನಾನು ಮೇಜಿನ ಕೆಳಗೆ ಅವನ ಮೊಣಕಾಲು ಒತ್ತಿದೆ. ತಂಬಾಕಿನ ಕತೆ ಬಿಚ್ಚಿದರೆ ಅಷ್ಟು ದೊಡ್ಡ ಡಾಕ್ಟರ ಮುಂದೆ ಮರ್ಯಾದೆ ಹೋಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. "ಇಲ್ಲ ಸಾರ್, ಅಂಥದ್ದೇನೂ ಇಲ್ಲ" ಅಂದೆ. ಅಣ್ಣ ಕೈ ಇಳಿಸಿದ.

ಹಾಗಾದರೆ ಎರಡನೆಯ ಬಗೆಯೇ ಇರಬಹುದು ಎಂದು ಡಾಕ್ಟರು ಮಾತ್ರೆಯನ್ನು ಕೆಲವು ತಿಂಗಳಲ್ಲಿ ಇಳಿಸುತ್ತಾ ನಿಲ್ಲಿಸಿದರು.

ಮುಂದಿನ ವರ್ಷ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕ. ದವಡೆ ಮತ್ತೆ ಊದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಶುರು ಮಾಡಿದ್ಯಾ? ನಾಚಿಕೆ ಆಗಲ್ವಾ ನಿಂಗೆ?" ಎಂದು ಹತ್ತು ಜನರ ಎದುರು ರೇಗಿದೆ.

ಅಣ್ಣ ಬಾಯಿ ಅಗಲಿಸಿ ತೋರಿಸಿದ. ನಾಲಿಗೆ ಮೇಲೆತ್ತಿ, ಎರಡೂ ಕೆನ್ನೆ ಬೆರಳಲ್ಲಿ ಎಳೆದು ತೋರಿಸಿದ. ಬಾಯಲ್ಲಿ ಏನೂ ಇರಲಿಲ್ಲ. ಬಸ್ಸಿನಲ್ಲಿ ಉಗಿದು ಬಂದಿರುತ್ತಾನೆ ಅಂದುಕೊಂಡೆ. ಡಾಕ್ಟರು ಕೇಳಿದ ಪ್ರಶ್ನೆ ಆಗಲೂ ನೆನಪಾಗಲಿಲ್ಲ, ಅದಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಎರಡು ತಿಂಗಳಿಗೆ ಕಣ್ಣು ಹಳದಿಯಾಯಿತು. ಈ ಸಲ ದೊಡ್ಡ ಚೂರು ತೆಗೆದರು. ಮೊದಲನೆಯ ಬಗೆ. ದವಡೆಯ ಊತ ಕವಳದ್ದಲ್ಲ, ಅದೇ ಕಾಯಿಲೆ ಅಲ್ಲಿನ ಜೊಲ್ಲು ಗ್ರಂಥಿಗೂ ಕೈಹಾಕಿದ್ದು ಎಂದರು. ಮಾತ್ರೆ ಈಗಲೂ ಕೆಲಸ ಮಾಡಿತು, ಆದರೆ ಅಷ್ಟರಲ್ಲಿ ಮೇದೋಜೀರಕ ಗ್ರಂಥಿ ಬಹುಪಾಲು ಒಣಗಿತ್ತು. ಈಗ ಅಣ್ಣನಿಗೆ ದಿನಾ ಇನ್ಸುಲಿನ್. ಊಟದ ಜೊತೆ ಕ್ಯಾಪ್ಸೂಲ್ ನುಂಗದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಕುರಿಗಳ ಹಿಂದೆ ಅಲೆಯುವ ಶಕ್ತಿಯಿಲ್ಲ, ಅತ್ತಿಗೆ ಹೋಗುತ್ತಾಳೆ.

ಮೊಣಕಾಲು ಒತ್ತಿದ್ದಕ್ಕೆ ಏನಾಯಿತೆಂದು ನಾನು ಅವನಿಗೆ ಇನ್ನೂ ಹೇಳಿಲ್ಲ. ಮೂರು ತಿಂಗಳಿಗೊಮ್ಮೆ ಜೊತೆಗೆ ಹೋಗುತ್ತೇನೆ, ಒಳಗೆ ಬಾಯಿ ಬಿಡುವುದಿಲ್ಲ. ಹೋದ ಸಲ ಡಾಕ್ಟರು "ಹೇಗಿದೀರಿ?" ಎಂದು ಕೇಳಿದಾಗ ಅಣ್ಣ ನನ್ನ ಕಡೆ ತಿರುಗಿದ.

"ನೀನೇ ಹೇಳಪ್ಪ. ನಂಗಿಂತ ನಿಂಗೇ ಚೆನ್ನಾಗಿ ಗೊತ್ತು."

ಕುಟುಕಿ ಮಾತಾಡುವುದು ಅಣ್ಣನಿಗೆ ಬರುವುದಿಲ್ಲ. ಅವನು ಇವತ್ತಿಗೂ ಹಾಗೇ ನಂಬಿದ್ದಾನೆ.